ಕಣ್ಣ ಮುಂದಿನ ರೊಟ್ಟಿ

ಮನೆಯಿಂದ ಕೆಲಸ ಇನ್ನು ಸಾಕು, ನಾಳೆಯಿಂದ ಎಲ್ಲರೂ ಆಫೀಸಿಗೆ ಬರಬೇಕು ಎಂದು ವಿಮಾ ಕಂಪನಿ ಹೇಳಿತ್ತು. ಅಲ್ಲಿ ಕೆಲಸ ಮಾಡುವ ಆಕೆ ಬೆಳಿಗ್ಗೆಯೇ ಮ್ಯಾನೇಜರಿಗೆ ಫೋನ್ ಮಾಡಿದಳು.

"ಸರ್, ಮಗಳಿಗೆ ಜ್ವರ ಅದ. ಈ ವಾರ ಮನಿಯಿಂದನ ಮಾಡ್ತೀನ್ರಿ."

"ಮನ್ಯಾಗ ಕುಂತು ಕೆಲಸ ಮಾಡ್ತೀರಂತ ಹೆಂಗ ನಂಬೂದ್ರಿ?"

"ಕೆಲಸ ಆಗೇದೋ ಇಲ್ಲೋ ನೋಡ್ರಿ ಸರ್. ಎಲ್ಲಿ ಕುಂತು ಮಾಡಿದ್ರ ಏನಾತು?"

ವಿಚಾರ ಮಾಡಿ ಹೇಳುತ್ತೇನೆ ಎಂದು ಆತ ಫೋನ್ ಇಟ್ಟ. ಅಷ್ಟರಲ್ಲಿ ಆಕೆಯ ಫೋನ್ ರಿಂಗಾಯಿತು. ದಿನಾ ಮನೆಗೆ ಬಂದು ರೊಟ್ಟಿ ಬಡಿಯುವ ಗುರುಬಸವ್ವ.

"ಅಕ್ಕಾರ, ನಮ್ಮ ಹುಡುಗಿ ಮೈಯೂ ಸುಡಾಕ್ಹತ್ತೇತ್ರಿ. ಇವತ್ತೊಂದಿನ ನಮ್ಮ ಮನ್ಯಾಗ ಬಡದು, ಬಿಸಿ ಬಿಸಿ ಕೊಟ್ಟ ಕಳಸ್ತೇನ್ರಿ."

"ಅದೆಲ್ಲ ಬ್ಯಾಡ. ಅಲ್ಲೆ ಎಂಥಾ ಹಿಟ್ಟೋ, ಎಂಥಾ ನೀರೋ, ನನಗೆಂಗ ಗೊತ್ತಾಗಬೇಕು? ನನ್ನ ಕಣ್ಣ ಮುಂದ ಬಡಿಯೂದಾದ್ರ ಬಾ. ಇಲ್ಲಂದ್ರ ಬ್ಯಾರೇದವ್ರನ್ನ ನೋಡ್ಕೋತೀನಿ."

"ಬರ್ತೇನ್ರಿ" ಎಂದಳು ಗುರುಬಸವ್ವ.

ಅರ್ಧ ಗಂಟೆಯ ಮೇಲೆ ಮ್ಯಾನೇಜರ್ ತಿರುಗಿ ಫೋನ್ ಮಾಡಿದಾಗ ಆತನ ದನಿ ಮೆತ್ತಗಾಗಿತ್ತು.

"ಮಗಳ ಹತ್ರ ಇರ್ರಿ. ನಿಮ್ಮ ಕೆಲಸ ನಾ ಕಣ್ಣ ಮುಂದನ ನೋಡಬೇಕಂತೇನಿಲ್ಲ."

ಆಕೆ ಫೋನಿಟ್ಟವಳೇ ಗುರುಬಸವ್ವನ ನಂಬರ್ ಒತ್ತಿದಳು. ರಿಂಗ್ ಬಾಗಿಲಾಚೆಯೇ ಕೇಳಿಸಿತು. ಹೋಗಿ ಬಾಗಿಲು ತೆರೆದಳು.

ಗುರುಬಸವ್ವ ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡು ನಿಂತಿದ್ದಳು.

"ಇಕೀನ್ನ ಇಲ್ಲೇ ಮೆಟ್ಟಲ ಮ್ಯಾಲೆ ಮಲಗಸ್ತೇನ್ರಿ ಅಕ್ಕಾರ, ಒಳಗ ತರಂಗಿಲ್ಲ."