ಬಾವುಟದ ಮೇಲಿನ ಸೊನ್ನೆ

ಮಂಡ್ಯದ ಪೇಟೆ ಬೀದಿಯಲ್ಲಿ ವಿನುತಾಳದೊಂದು ಚಿಕ್ಕ ಫೋಟೋ ಸ್ಟುಡಿಯೋ...

ಹಳೆಯ ಫೋಟೋಗಳಿಗೆ ಮರುಜೀವ ಕೊಡುವುದರಲ್ಲಿ ಅವಳದು ಎತ್ತಿದ ಕೈ. ಧೂಳು, ಕಲೆ, ಮೊಡವೆ ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗಿಯೇ ಮೌಸ್ ಹಿಡಿದು ಒರೆಸಿಬಿಡುತ್ತಿತ್ತು.

ಒಂದು ಮಧ್ಯಾಹ್ನ ಬೋರಲಿಂಗಯ್ಯ ಎಂಬ ಹಿರಿಯರು ಲ್ಯಾಪ್‌ಟಾಪ್ ಒಂದನ್ನು ಟವೆಲಿನಲ್ಲಿ ಸುತ್ತಿ, ಎದೆಗಾನಿಸಿಕೊಂಡು ಬಂದರು.

“ಇದ್ರೊಳಗೆ ನಮ್ಮ ಯೋಗೀಶನ ಬಾವುಟ ಐತೆ ಕಣವ್ವ. ಫೋಟೋ ಮಾಡ್ಕೊಡು.”

“ಬಾವುಟಾನಾ ಅಪ್ಪಾಜಿ?”

ಯೋಗೀಶ ಅವರ ಒಬ್ಬನೇ ಮಗ. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಇಪ್ಪತ್ತಾರರ ಹರೆಯ.

ಚಿಕ್ಕಂದಿನಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮನ್ನೇ, ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದ. ಅದರಲ್ಲೊಂದು ಮನೆ ಕಟ್ಟಬಹುದು... ಮನೆ ಮುಂದಿನ ಬಾವುಟದ ಮೇಲೆ ಚುಕ್ಕಿ ಇಟ್ಟು ಬೇಕಾದ್ದು ಬರೆಯಬಹುದು.

“ಆಸ್ಪತ್ರೆ ಮಂಚದ ಮ್ಯಾಲೆ ಬರೀತಾ ಕೂತಿರೋನು. ಏನ್ಲಾ ಬರೀತಿದ್ದೀಯ ಅಂದ್ರೆ, ‘ನಿಂಗೇ ಕಣಪ್ಪ, ಆಮೇಲೆ ಓದು’ ಅನ್ನೋನು. ಆ ಆಮೇಲೆ ಬರೋ ಹೊತ್ಗೆ ಅವ್ನೇ ಹೊಂಟೋದ...”

ಹಿರಿಯರು ಟವೆಲಿನ ಅಂಚಿನಿಂದ ಕಣ್ಣೊರೆಸಿಕೊಂಡರು.

“ನಾಳೆ ವರ್ಷದ ತಿಥಿ. ನನ್ ಕಣ್ಗೆ ಪೊರೆ, ಚುಕ್ಕಿ ಬಿಟ್ರೆ ಏನೂ ಕಾಣಾಕಿಲ್ಲ. ಮನೆಯೋರ ಕೈಲಿ ಓದ್ಸೋಕೆ ಧೈರ್ಯ ಬರ್ನಿಲ್ಲ. ನನ್ ಮ್ಯಾಲೆ ಅವ್ನಿಗೆ ಬೇಜಾರಿತ್ತೋ ಏನೋ... ಅದೊಂದು ಗೊತ್ತಾದ್ರೆ ಸಾಕು.”

ವಿನುತಾ ಗೇಮ್ ತೆರೆದು, ಪರದೆ ತುಂಬ ದೊಡ್ಡದು ಮಾಡಿ, ಸ್ಕ್ರೀನ್‌ಶಾಟ್ ತೆಗೆದಳು. ಅಕ್ಷರಗಳೆಲ್ಲ ಮಸುಕು ಮಸುಕು...

ಅಂಚುಗಳನ್ನು ತಿದ್ದಿದಳು. ನಡುವೆ ಅಂಟಿದ್ದ ಒಂದು ಬೂದು ಕಲೆಯನ್ನು ಒರೆಸಿದಳು. ದೊಡ್ಡದಾಗಿ ಪ್ರಿಂಟ್ ತೆಗೆದು ಅವರ ಕೈಗಿಟ್ಟಳು.

‘ಅಪ್ಪನ ಮಗ.’

ಹಿರಿಯರು ಕಾಗದವನ್ನು ಕಣ್ಣ ಹತ್ತಿರ ಹಿಡಿದು ಎರಡು ಸಲ ಓದಿದರು. ಮುಖ ಮಾತ್ರ ಅರಳಲಿಲ್ಲ.

“ಚೆಂದಾಗೈತೆ ಕಣವ್ವ... ಆದ್ರೆ ಚುಕ್ಕಿ ಎಲ್ಲೋದ್ವು? ಒಂದೊಂದು ಚುಕ್ಕಿಗೂ ಒಂದ್ಸಲ ಬಟನ್ ಒತ್ತೋನು. ಟಕ್... ಟಕ್... ಅಂತ. ಕೈ ನಡುಗಿದ್ರೂ ಬಿಡ್ತಿರಲಿಲ್ಲ. ಇದು ಯಾರೋ ಬೋರ್ಡು ಬರೆಯೋನು ಬರ್ದಂಗೈತೆ.”

ವಿನುತಾಳಿಗೆ ಮನಸ್ಸು ಚುರುಕ್ ಎಂದಿತು. “ಸ್ವಲ್ಪ ಕೂತಿರಿ ಅಪ್ಪಾಜಿ” ಎಂದು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕುಳಿತಳು.

ಸೆಟ್ಟಿಂಗ್ಸ್ ಹುಡುಕಿದಾಗ ತಪ್ಪು ಸಿಕ್ಕಿತು. ಆ ಕಾಲದ ಗೇಮಿನ ಚಿತ್ರಕ್ಕೆ ಅಡ್ಡಕ್ಕೆ ಇರುವುದೇ ಇನ್ನೂರ ಐವತ್ತಾರು ಚುಕ್ಕಿ. ಅದನ್ನು ಹಿಗ್ಗಿಸಿ, ನುಣುಪು ಮಾಡಿ ತೋರಿಸುತ್ತಿತ್ತು ಎಮ್ಯುಲೇಟರ್. ಅವಳು ಪ್ರಿಂಟ್ ತೆಗೆದದ್ದು ಆ ನುಣುಪನ್ನು... ಯೋಗೀಶನ ಬರಹವನ್ನಲ್ಲ.

ನುಣುಪು ಮಾಡುವ ಫಿಲ್ಟರ್ ಆಫ್ ಮಾಡಿದಳು. ಹಿಗ್ಗಿಸದೆ, ಗೇಮಿನ ಮೂಲ ಅಳತೆಯಲ್ಲೇ ಸ್ಕ್ರೀನ್‌ಶಾಟ್ ತೆಗೆದಳು. ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಚಿತ್ರ ಬಂತು. ಒಂದು ಚುಕ್ಕಿಗೆ ಸರಿಯಾಗಿ ಹತ್ತು ಚುಕ್ಕಿಯ ಲೆಕ್ಕದಲ್ಲಿ ದೊಡ್ಡದು ಮಾಡಿದಳು.

ಒಂದೊಂದು ಚುಕ್ಕಿಯೂ ಪೋಣಿಸಿದ ಮಣಿಯ ಹಾಗೆ ನಿಂತಿತು...

‘ಮ’ಕ್ಕೂ ‘ಗ’ಕ್ಕೂ ನಡುವೆ ಒಂಟಿ ಚುಕ್ಕಿಯೊಂದು ಕುಳಿತಿತ್ತು.

ಅವಳು ಕಲೆ ಎಂದು ಒರೆಸಿದ್ದು ಅದನ್ನೇ. ಅದು ಸೊನ್ನೆ! ಅಲ್ಲಿದ್ದದ್ದು ‘ಮಗ’ ಅಲ್ಲ... ‘ಮಂಗ’.

ವಿನುತಾ ಹಿರಿಯರತ್ತ ನೋಡಿದಳು. ಮಗ ಹೋದ ದುಃಖದಲ್ಲಿರುವ ಮುದಿಜೀವಕ್ಕೆ, ತಿಥಿಯ ಹಿಂದಿನ ದಿನ, ಹೀಗೆಂದು ಹೇಳುವುದು ಹೇಗೆ?

ಒಂದೇ ಒಂದು ಚುಕ್ಕಿ ತಾನೇ... ಅಳಿಸಿದರೆ ಯಾರಿಗೆ ಗೊತ್ತಾಗುತ್ತದೆ?

ಆದರೆ ಅವಳು ಅಜ್ಜಿಯ ಪಾರಾಯಣ ಕೇಳಿ ಬೆಳೆದವಳು. ಒಂದಕ್ಷರ ತಪ್ಪಿದರೂ ಅಜ್ಜಿ ಕೈಮುಗಿದು, ಪದ್ಯದ ಮೊದಲಿಗೆ ಹೋಗಿ ಮತ್ತೆ ಹಾಡುತ್ತಿದ್ದರು. ಬರೆದವರ ಮಾತನ್ನು ತಿದ್ದಲು ನಾವ್ಯಾರು ಎನ್ನುವ ಭಯ ಭಕ್ತಿ ಅದು.

“ಅಪ್ಪಾಜಿ... ನನ್ನಿಂದ ಒಂದು ತಪ್ಪಾಯ್ತು. ಕಲೆ ಅಂದ್ಕೊಂಡು ಒಂದು ಸೊನ್ನೆ ಅಳಿಸಿಬಿಟ್ಟಿದ್ದೆ. ಬೇಜಾರು ಮಾಡ್ಕೋಬೇಡಿ... ಅವರು ಬರೆದಿರೋದು ‘ಅಪ್ಪನ ಮಂಗ’ ಅಂತ.”

ಹಿರಿಯರು ತುಟಿ ಬಿಗಿಹಿಡಿದು ಕುಳಿತರು. ಆಮೇಲೆ ಭುಜ ಕುಲುಕಿತು...

ನಗು! ಹೊಟ್ಟೆಯಾಳದಿಂದ ಬಂದ ನಗು. ನಗುನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತರು.

“ಹುಟ್ದಾಗಿಂದ ಅವನನ್ನ ಮಗ ಅಂತ ಕರ್ದೇ ಇಲ್ಲ ಕಣವ್ವ! ಬಾರ್ಲಾ ಮಂಗ, ಉಣ್ಣೋ ಮಂಗ... ಆಸ್ಪತ್ರೇಲಿ ನರ್ಸಮ್ಮ ಗದರಿದ್ರು, ಕಾಯಿಲೆಯೋನ್ನ ಹಂಗನ್ಬಾರ್ದು ಅಂತ. ಅವತ್ತಿಂದ ನಿಲ್ಲಿಸ್ಬುಟ್ಟೆ. ಇಷ್ಟ್ ವರ್ಷ ಹಂಗಂದು ನೋಯಿಸ್ಬುಟ್ನೇನೋ ಅಂತ ವರ್ಷದಿಂದ ಅನ್ನ ಸೇರ್ನಿಲ್ಲ ನಂಗೆ...”

ವಿನುತಾ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. ಹಿರಿಯರು ಆ ಒಂಟಿ ಚುಕ್ಕಿಯನ್ನು ಬೆರಳಿನಿಂದ ಮುಟ್ಟಿದರು.

“ಅವ್ನಿಗೆ ಅದು ಬೇಕಿತ್ತು ನೋಡವ್ವ. ನಾನು ಬಿಟ್ರೂ ಅವ್ನು ಬಿಡ್ಲಿಲ್ಲ!”

“ಇದನ್ನೇ ಪ್ರಿಂಟ್ ಹಾಕ್ಲಾ ಅಪ್ಪಾಜಿ?”

“ಇದನ್ನೇ ಹಾಕು. ನಾಳೆ ನೆಂಟರು ನಕ್ರೆ ನಗ್ಲಿ... ನಾನೂ ನಗ್ತೀನಿ.”

ನಮ್ಮವರನ್ನು ನಮಗೆ ಬೇಕಾದಂತೆ ತಿದ್ದಿ ಚೆಂದ ಮಾಡುವುದಲ್ಲ... ಅವರು ಇದ್ದ ಹಾಗೆಯೇ ಉಳಿಸಿಕೊಳ್ಳುವುದೇ ಪ್ರೀತಿ.

ಬೇರೆ ಯಾರೂ ಕರೆಯದ ಹೆಸರಿನಿಂದ ನಿಮ್ಮನ್ನು ಕರೆಯುವವರು ಒಬ್ಬರಿದ್ದಾರಲ್ಲ... ಇವತ್ತು ಅವರ ಜೊತೆ ಮಾತಾಡಿದಿರಾ?