ಮುಖ ಕಾಣದ ದುರ್ಬೀನು

“ಇದು ಬೇಡ. ಚೆನ್ನಾಗಿ ಕಾಣುತ್ತೆ.”

ಬಂದೂಕಿನಂಗಡಿಯವನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಮೂವತ್ತು ವರ್ಷದ ವ್ಯಾಪಾರದಲ್ಲಿ ಹೀಗೆಂದು ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಹಿಂತಿರುಗಿಸಿದ ಗಿರಾಕಿ ಇವನೊಬ್ಬನೇ. ಅದೂ ಅಂಗಡಿಯಲ್ಲೇ ಅತ್ಯುತ್ತಮವಾದದ್ದನ್ನು. ಮುದುಕ ಒಳಗೆ ಬಂದವನೇ ಗಾಜಿನ ಕಪಾಟಿಗೆ ಬೆರಳು ತೋರಿಸಿ ಅದನ್ನೇ ತೆಗೆಸಿದ್ದ. ಹಿಂಬದಿಯ ಕಿಟಕಿಯಲ್ಲಿದ್ದ ಸ್ಟ್ಯಾಂಡಿಗೆ ಕೂರಿಸಿ, ಬಯಲಿನಾಚೆ ನಾನೂರು ಗಜ ದೂರದ ಗುರಿಹಲಗೆಯತ್ತ ತಿರುಗಿಸಿ, ಬಹಳ ಹೊತ್ತು ನೋಡಿದ್ದ.

“ನಿಮ್ಮ ಬಂದೂಕು ಯಾವುದು ಯಜಮಾನ್ರೇ?”

“ಬಂದೂಕಿಲ್ಲ.”

“ಮತ್ತೆ ದುರ್ಬೀನು ಯಾತಕ್ಕೆ?”

“ಇದೇ ಸಂಜೆ ಬೆಳಕು, ಇದೇ ನಾನೂರು ಗಜ. ಮನುಷ್ಯ ನಿಂತಿದ್ರೂ ಮುಖ ಕಾಣಬಾರ್ದು. ಅಂಥದ್ದು ಕೊಡಿ.”

ಅಂಗಡಿಯವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪರರನ್ನು ಕೊಲ್ಲುವವನಿಗೆ ಮುಖ ನಿಚ್ಚಳವಾಗಿ ಕಾಣಬೇಕು. ಕಾಣಬಾರದು ಎನ್ನುವವನು ತನ್ನವರನ್ನೇ ಕೊಲ್ಲಹೊರಟವನು. ಅವನು ಕಿಟಕಿಯಾಚೆ ನೋಡಿದ. ಹಲಗೆಯ ಪಕ್ಕದಲ್ಲಿ ಕಂದು ಕೋಟಿನ ಯಾರೋ ನಿಂತಿದ್ದರು.

“ಅಲ್ಯಾರೋ ನಿಂತಿದ್ದಾರಲ್ಲ!”

“ನನ್ನ ಹೆಂಡತಿ. ನಾನೇ ನಿಲ್ಲಿಸಿರೋದು.”

ಅಂಗಡಿಯವನ ಕೈ ಮೆಲ್ಲಗೆ ಟೆಲಿಫೋನಿನ ಕಡೆಗೆ ಸರಿಯಿತು.

ಎರಡನೆಯದೂ ಬೇಡವಾಯಿತು, ಮೂರನೆಯದೂ. ಕೊನೆಗೆ ಮುದುಕ ತಾನೇ ಬಗ್ಗಿ, ಕಪಾಟಿನ ಕೆಳಗಿನ ಅರೆಯ ಮೂಲೆಯಲ್ಲಿ ಗಾಜಿಗೆ ಬೂಷ್ಟು ಹಿಡಿದು ಬಿದ್ದಿದ್ದ ಒಂದನ್ನು ಎತ್ತಿಕೊಂಡ.

“ದುಡ್ಡು ಕೊಟ್ಟು ಕುರುಡು ಕೊಳ್ಳೋರನ್ನ ಇವತ್ತೇ ನೋಡಿದ್ದು,” ಎಂದು ಅಂಗಡಿಯವನು ನಗಲು ನೋಡಿದ.

ಮುದುಕ ನಗಲಿಲ್ಲ. ಅದರೊಳಗೆ ಕಣ್ಣಿಟ್ಟ. ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟ. “ದೇವರು ದೊಡ್ಡವನು.”

ಕಿಟಕಿಯಿಂದ ಕೈಬೀಸಿದ. ಹೆಂಡತಿ ಬಯಲು ದಾಟಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಬಂದಳು. ಮುದುಕ ಅವಳ ಮೈಮೇಲಿನ ಕೋಟನ್ನು ತಾನು ತೊಟ್ಟುಕೊಂಡ. ಹೋಗುವ ಮುಂಚೆ ಅಂಗಡಿಯವನ ಕೈಯನ್ನು ತನ್ನೆರಡೂ ಕೈಯಲ್ಲಿ ಒಂದು ಗಳಿಗೆ ಹಿಡಿದ. ಹಲಗೆಯತ್ತ ನಡೆದ.

“ನಮ್ಮ ದೊಡ್ಡ ಮಗನ ಕೋಟು ಅದು,” ಎಂದಳು ಮುದುಕಿ, ಕೇಳದಿದ್ದರೂ. “ಅಣ್ಣತಮ್ಮಂದಿರಿಗೆ ಒಂದೇ ಬಟ್ಟೇಲಿ ಹೊಲಿಸಿದ್ದೆ. ಚಿಕ್ಕವನದ್ದು ಅವನ ಜೊತೆಗೇ ಮಣ್ಣಿಗೆ ಹೋಯ್ತು.”

ಅಂಗಡಿಯವನ ಕೈ ಟೆಲಿಫೋನಿನಿಂದ ಹಿಂದೆ ಬಂತು.

“ದೊಡ್ಡವನೇ ಹೊಡೆದ. ಬೇಟೆಗೆ ಹೋದಾಗ, ಜಿಂಕೆ ಅಂದ್ಕೊಂಡು. ಪ್ರಾಣಿಯ ಕಣ್ಣು ಕಾಣೋ ತನಕ ಬಂದೂಕಿನ ಕುದುರೆಗೆ ಬೆರಳಿಡಬೇಡಿ ಅಂತ ಇವರು ಇಬ್ಬರಿಗೂ ಕಲಿಸಿದ್ರಪ್ಪ. ಬರೀ ಕಂದು ಬಣ್ಣ ಕಂಡಿತು, ಮುಖ ಕಾಣಲಿಲ್ಲ ಅಂತ ಆಣೆ ಹಾಕ್ತಾನೆ. ಅದರ ಹಿಂದಿನ ವಾರ ಅಣ್ಣತಮ್ಮ ಇಬ್ಬರೂ ಕೈಕೈ ಮಿಲಾಯಿಸಿದ್ರು, ಅದನ್ನೇ ಊರು ಆಡ್ಕೊಳ್ಳುತ್ತೆ. ನಾನೇ ಕಣ್ಣಾರೆ ನೋಡ್ತೀನಿ ಅಂದೆ. ಮುಖ ಕಾಣೋ ಹಾಗಿದ್ರೆ ಅವನು ನನ್ನ ಹೊಸಿಲು ತುಳಿಯೋದು ಬೇಡ.”

ಅವಳು ಬೂಷ್ಟಿನ ದುರ್ಬೀನನ್ನು ಸವರಿದಳು.

“ಅವನದ್ದು ಪೊಲೀಸರ ಹತ್ರ ಇದೆ. ಹೋದ ವರ್ಷ ನಿಮ್ಮತ್ರಾನೇ ತಗೊಂಡಿದ್ದ. ಎತ್ತರದ ಹುಡುಗ, ಎಡಗೈಯವನು. ಇಂಥದ್ದೇ ಅಲ್ವೇನಪ್ಪಾ?”

ಎಡಗೈಯವನು. ಅಂಗಡಿಯವನಿಗೆ ನೆನಪಿತ್ತು. ಬಯಲಿನಲ್ಲಿ ಮುದುಕ ನಡೆಯುತ್ತ ನಡೆಯುತ್ತ ಚಿಕ್ಕವನಾಗುತ್ತಿದ್ದ.

“ಇಂಥದ್ದೇ ಅಮ್ಮಾ.”

ಅವಳು ಕಣ್ಣಿಟ್ಟಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

“ಬರೀ ಕಂದು ಬಣ್ಣ,” ಎಂದಳು. “ಮೂವತ್ತೆಂಟು ವರ್ಷ ಬಾಳಿದ್ದೀನಿ. ನನ್ನ ಗಂಡ ಅಂತ ನನಗೇ ಗೊತ್ತಾಗ್ತಿಲ್ಲ. ಅಯ್ಯೋ ಕಂದಾ... ನಿಜಾನೇ ಹೇಳಿದ್ದೆಯಲ್ಲೋ.” ಕಿಟಕಿಯ ಕಟ್ಟೆಗೆ ತಲೆಯಾನಿಸಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ನಾಳೆಯೇ ಮನೆಗೆ ಬಾ ಅಂತ ಹೇಳಿ ಕಳಿಸ್ತೀನಿ,” ಎಂದಳು.

ಅವರಿಬ್ಬರೂ ಹೋದ ಮೇಲೆ ಅಂಗಡಿಯವನು, ಮುದುಕ ಮೊದಲು ನೋಡಿ ಬೇಡವೆಂದಿದ್ದ ದುರ್ಬೀನನ್ನು ಕೈಗೆತ್ತಿಕೊಂಡ. ಕಣ್ಣಿಡುವ ಗಾಜು ಇನ್ನೂ ಒದ್ದೆಯಾಗಿತ್ತು. ಒರೆಸಿ ಕಪಾಟಿನಲ್ಲಿಟ್ಟ.

ಎಡಗೈಯವನು ಹೋದ ವರ್ಷ ಕೊಂಡದ್ದು ಅದರಂಥದ್ದೇ ಇನ್ನೊಂದನ್ನು.