ಅಸಲಿ ಹಣ್ಣಿನ ಕೇಕು

ತನ್ನ ಬೇಕರಿಯ ಸ್ಟ್ರಾಬೆರಿ ಕೇಕಿನ ಪರಿಮಳಕ್ಕೆ ಆಕಾಶದ ವಿಮಾನಗಳೇ ದಾರಿ ತಪ್ಪಿ ಊರಿಗೆ ಮೂರು ಸುತ್ತು ಹಾಕುತ್ತವೆ ಎಂದು ತಿಪ್ಪೇಶಿ ಕೊಚ್ಚಿಕೊಳ್ಳದ ದಿನವಿರಲಿಲ್ಲ. ಅವನ ಒಂದೊಂದು ಹಣ್ಣೂ ತೆಂಗಿನಕಾಯಿ ಗಾತ್ರದ್ದಂತೆ. ಕೀಳಲು ಇಬ್ಬರು ಆಳು ಬೇಕಂತೆ.

ಒಂದು ದಿನ ಬಂದ ಹೆಂಗಸೊಬ್ಬಳು ಮಾತ್ರ ಇದಕ್ಕೆ ನಗಲಿಲ್ಲ.

"ಅಸಲಿ ಹಣ್ಣೇ ಹಾಕ್ತೀರಾ? ಎಸೆನ್ಸ್ ಅಲ್ಲ ತಾನೆ?"

"ಎಸೆನ್ಸಾ? ಆ ಬಾಟ್ಲಿ ಕಂಡ್ರೇ ನಂಗೆ ವಾಕರಿಕೆ ಬರುತ್ತೆ ಅಕ್ಕಾ! ಒಂದು ಕೇಕಿಗೆ ಒಂದು ಬುಟ್ಟಿ ಹಣ್ಣು. ಯಾರಿಗೆ, ಮಕ್ಕಳಿಗಾ?"

"ನಮ್ಮತ್ತೆಗೆ. ಹುಟ್ಟಿದ ಹಬ್ಬ. ಡಬ್ಬದ ಮೇಲಿರೋ ಸ್ಟ್ರಾಬೆರಿ ಚೀಟಿ ಕಿತ್ತುಬಿಡಿ, ಅವರಿಗೆ ಗೊತ್ತಾಗೋದು ಬೇಡ."

"ಇಂಥ ಸೊಸೆ ಸಿಗೋಕೆ ಏಳು ಜನ್ಮದ ಪುಣ್ಯ ಬೇಕು!" ಎಂದು ತಿಪ್ಪೇಶಿ ಕೇಕಿನ ಮೇಲೆ ಇನ್ನೊಂದು ಕ್ರೀಮಿನ ಹೂವು ಬಿಡಿಸಿ ಕೊಟ್ಟ.

ಮರುದಿನ ಅವನು ಅಂಗಡಿ ತೆರೆಯುವ ಮೊದಲೇ ಆಕೆ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಡವಾಗಿತ್ತು.

"ಮೋಸಗಾರ! ನಮ್ಮತ್ತೆ ಮೂರು ತುಂಡು ತಿಂದು ತಟ್ಟೆ ನೆಕ್ಕಿದ್ರು ಕಣಯ್ಯಾ."

"ಅಂದ್ರೆ ರುಚಿ ಹಿಡಿಸ್ತು ಅಂತಾಯ್ತಲ್ಲಕ್ಕಾ?"

"ಬೆಳಿಗ್ಗೆ ಎದ್ದು ಮತ್ತೆ ಕೇಳ್ತಿದಾರೆ! ಆ ಹಣ್ಣಿನ ಒಂದು ಚೂರು ಹೊಟ್ಟೆಗೆ ಹೋದ್ರೂ ಅವರ ಗಂಟಲು ಊದಿ ಉಸಿರು ನಿಲ್ಲುತ್ತೆ ಅಂತ ಡಾಕ್ಟರು ನನ್ನೆದುರೇ ಹೇಳಿದ್ರು. ಗುಲಾಬಿ ಕೇಕು ಅಂತ ಅವರಿಗೆ ಸುಳ್ಳು ಹೇಳಿ ನಾನೇ ಕೈಯಾರೆ ತಿನ್ನಿಸ್ದೆ. ನಿಜ ಬೊಗಳು, ಏನು ಹಾಕಿದ್ದೆ ಅದಕ್ಕೆ?"

ತಿಪ್ಪೇಶಿಯ ಕೈಯಲ್ಲಿದ್ದ ಬೀಗದಕೈ ಕೆಳಗೆ ಬಿತ್ತು.

"ಬೀಟ್‌ರೂಟ್ ನೀರು, ಎಸೆನ್ಸು... ಸ್ಟ್ರಾಬೆರಿನ ನಾನು ಆ ಚೀಟಿ ಮೇಲೆ ಬಿಟ್ರೆ ಎಲ್ಲೂ ನೋಡಿಲ್ಲ ತಾಯಿ."